ನಗರಗೆರೆಯ ಬಂಡೆಯಲ್ಲಿ ಆರು ಸೆಕೆಂಡಿನ ಕಂಪನ

೧೯೬೭ರಲ್ಲಿ ನಾನು ಗೌರಿಬಿದನೂರು ತಾಲೂಕಿನ ನಗರಗೆರೆಯ ಬಳಿ, ಬಂಡೆಯ ಮೇಲೆ ಕಟ್ಟಿದ್ದ ಒಂದು ಸಣ್ಣ ಭೂಕಂಪನ ದಾಖಲೆ ಕೇಂದ್ರದಲ್ಲಿ ಅಬ್ಸರ್ವರ್ ಆಗಿದ್ದೆ. ಸೇರಿ ಏಳು ತಿಂಗಳಾಗಿತ್ತು, ಪ್ರೊಬೇಷನ್ ಮುಗಿದಿರಲಿಲ್ಲ. ಬಂಡೆಯ ಗುಂಡಿಯಲ್ಲಿಟ್ಟ ಸೀಸ್ಮೋಮೀಟರ್ ನೆಲದ ಅಲುಗಾಟವನ್ನು ಗ್ರಹಿಸುತ್ತಿತ್ತು. ಕೋಣೆಯೊಳಗೆ ತಿರುಗುವ ಡ್ರಮ್ಮಿನ ಕಾಗದದ ಮೇಲೆ ಅದು ಗೆರೆಯಾಗಿ ಮೂಡುತ್ತಿತ್ತು. ದಿನಕ್ಕೊಮ್ಮೆ ಕಾಗದ ಬದಲಿಸಿ, ಗೆರೆ ಓದಿ, ಲಾಗ್ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಜೂನ್ ಎರಡನೇ ವಾರ ಗೆರೆ ದಪ್ಪವಾಯಿತು. ಎಷ್ಟೆಂದರೆ, ಸಣ್ಣ ಭೂಕಂಪವೊಂದು ಬಂದರೆ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಊರಲ್ಲಿ ಮಳೆಯಿರಲಿಲ್ಲ, ಒಣಗಾಳಿ ಮಾತ್ರ. ಅದೇ ವಾರ ಕೇಂದ್ರದಿಂದ ನಾನೂರು ಗಜ ದೂರದ ಬಾವಿಗೆ ಐದು ಅಶ್ವಶಕ್ತಿಯ ಹೊಸ ಕರೆಂಟ್ ಮೋಟರ್ ಬಂದಿತ್ತು. ಬಾವಿ ಅಕ್ಕಯಮ್ಮ ಎಂಬಾಕೆಗೂ ಆಕೆಯ ಮೈದುನನಿಗೂ ಸೇರಿದ್ದು. ಲಾಗ್‌ನ ‘ಕಾರಣ’ ಎಂಬ ಕಾಲಂನಲ್ಲಿ ನಾನು ‘ಪಂಪ್‌ಸೆಟ್’ ಎಂದು ಬರೆದೆ. ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ.

ಆ ಒಂದು ಪದ ನಮ್ಮ ಅಧಿಕಾರಿ ಮೂರ್ತಿಯವರ ಮೇಜಿನಿಂದ ತಾಲೂಕು ಕಚೇರಿಗೆ ಹೋಯಿತು. ಎಂಟು ದಿನ ಮೋಟರ್ ಹಾಕಬಾರದೆಂದು ನೋಟಿಸ್ ಬಂತು. ಗುರುವಾರ ಬೆಳಿಗ್ಗೆ ಅದನ್ನು ಕೊಡಲು ನಾನೇ ಹೋದೆ.

ಅಕ್ಕಯಮ್ಮ ಸೊಪ್ಪಿನ ಹೊರೆ ಇಳಿಸಿ ಕೇಳಿದರು: “ಏಮಯ್ಯಾ, ಬಂಡೆ ಮೇಲಿರೋ ನಿಮ್ಮ ಡಬ್ಬಕ್ಕೆ ನನ್ ಮೋಟ್ರು ನಿದ್ದೆ ಕೆಡಿಸ್ತದಾ? ಹುಳ ನಾಲ್ಕನೇ ಜ್ವರ ಎದ್ದವೆ. ಎಂಟು ದಿನ ತಿನ್ಬೇಡ್ರಪ್ಪಾ ಅಂತ ಈ ಕಾಗ್ದ ಅವಕ್ಕೆ ಓದಿ ಹೇಳು ಬಾ.”

ನಾಲ್ಕನೇ ಜ್ವರವೆಂದರೆ ರೇಷ್ಮೆಹುಳು ಕೊನೆಯ ಸಲ ಚರ್ಮ ಕಳಚುವ ಹಂತ. ಅದಾದ ಮೇಲೆ ಒಂದು ವಾರ ಬಿಡುವಿಲ್ಲದೆ ತಿಂದು ಗೂಡು ಕಟ್ಟುತ್ತದೆ. ಆ ವಾರ ನೀರಿಲ್ಲದೆ ಮೇವಿನ ಹಿಪ್ಪುನೇರಳೆ ಬಾಡಿದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಲು ಗೂಡೇ ಇರುವುದಿಲ್ಲ.

ಶುಕ್ರವಾರದ ಕಾಗದ ತೆಗೆದು ನೋಡಿದೆ. ಮೋಟರ್ ನಿಂತು ಇಪ್ಪತ್ನಾಲ್ಕು ಗಂಟೆಯಾಗಿದ್ದರೂ ಗೆರೆ ಅಷ್ಟೇ ದಪ್ಪವಿತ್ತು. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆ: ಭೂತಗನ್ನಡಿ ಹಿಡಿದು ಎಣಿಸಿದೆ. ಒಂದು ನಿಮಿಷಕ್ಕೆ ಹತ್ತು ಉಬ್ಬು, ಆರು ಸೆಕೆಂಡಿಗೊಂದು. ಮೋಟರ್ ಸೆಕೆಂಡಿಗೆ ಇಪ್ಪತ್ನಾಲ್ಕು ಸುತ್ತು ತಿರುಗುತ್ತದೆ; ಅದರ ನಡುಕ ಇಷ್ಟು ನಿಧಾನವಾಗಿರಲು ಸಾಧ್ಯವಿಲ್ಲ.

ಶನಿವಾರ ಬೆಳಿಗ್ಗೆ ಮೂರ್ತಿಯವರ ಮುಂದೆ ನಿಂತೆ.

“ಬರ್ದೋರು ನೀವೇ ಅಲ್ವೇನ್ರಿ?”

“ಹೌದು ಸಾರ್.”

“ಈಗ ಅಲ್ಲ ಅಂತೀರಿ. ನಾಳೆ ಇನ್ನೇನಂತೀರೋ!”

“ನನ್ನ ಮಾತು ಬೇಡ ಸಾರ್. ಕಾಗದ ನೋಡಿ ನೀವೇ ಹೇಳಿ.”

ನಾನು ಸೂಚಿಸಿದ ಪರೀಕ್ಷೆ ಇಷ್ಟು: ಒಂದು ಗಂಟೆ, ಹತ್ತು ಹತ್ತು ನಿಮಿಷದ ಆರು ತುಂಡು. ಯಾವ ತುಂಡಿನಲ್ಲಿ ಮೋಟರ್ ಹಾಕಿತ್ತು ಎಂಬುದನ್ನು ನಾನು ಬಾವಿಯ ಬಳಿ ಚೀಟಿಯಲ್ಲಿ ಬರೆದಿಡುವುದು; ಅವರು ಗೆರೆ ನೋಡಿ ಗುರುತಿಸುವುದು. ಅವರು ಗುರುತಿಸಿಬಿಟ್ಟರೆ ನೋಟಿಸ್ ಉಳಿಯುತ್ತಿತ್ತು, ಅಕ್ಕಯಮ್ಮನ ಹುಳು ಉಳಿಯುತ್ತಿರಲಿಲ್ಲ. ನನ್ನ ಪ್ರೊಬೇಷನ್ ವರದಿ ಬರೆಯುವವರೂ ಅವರೇ.

ಹನ್ನೊಂದಕ್ಕೆ ಶುರುವಾಯಿತು. ಸ್ಟಾರ್ಟರ್ ಬಳಿ ಅಕ್ಕಯಮ್ಮ, ಪಕ್ಕದಲ್ಲಿ ಗಡಿಯಾರ ಹಿಡಿದ ನಾನು.

“ನಿಲ್ಸಮ್ಮ.”

“ಈಗಿನ್ನೂ ಕಾಲ್ವೆ ನೆಂದೈತೆ ಕಣಯ್ಯ! ಕೂಸಿನ ಬಾಯಿಂದ ಹಾಲು ಕಿತ್ಕೊಂಡಂಗೆ ಮಾಡ್ತೀಯಲ್ಲ.”

ನಿಲ್ಲಿಸಿದರು. ನಡುವೆ ಕರೆಂಟ್ ಹೋದರೆ ಎಲ್ಲ ವ್ಯರ್ಥ, ಹೋಗಲಿಲ್ಲ. ಹನ್ನೆರಡಕ್ಕೆ ಚೀಟಿ ಹಿಡಿದು ಬಂಡೆ ಹತ್ತಿದೆ. ಮೂರ್ತಿಯವರು ತಮ್ಮ ಗುರುತುಗಳನ್ನು ಚೀಟಿಯ ಪಕ್ಕ ಇಟ್ಟರು. ಆರರಲ್ಲಿ ಮೂರು ಸರಿ, ಮೂರು ತಪ್ಪು; ಗೆರೆ ನೋಡದೆ ಊಹಿಸಿದ್ದರೂ ಅಷ್ಟೇ ಬರುತ್ತಿತ್ತು. ಎರಡನೇ ಸಲ ಹೋಲಿಸಿ ಕನ್ನಡಕ ತೆಗೆದರು.

“ಮೋಟರ್ ಅಲ್ಲ. ಹೋಗಿ, ನೀರು ಬಿಡಕ್ಕೆ ಹೇಳಿ. ತಾಲೂಕು ಕಚೇರಿಗೆ ನಾನು ಹೇಳ್ತೀನಿ.”

ಹಾಗಾದರೆ ಯಾವುದು? ಇಷ್ಟು ನಿಧಾನದ ನಡುಕ ಕಡಲಿನದಿರಬಹುದು ಎಂದು ಅವರು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟರು. ನಮ್ಮಿಂದ ಮಂಗಳೂರಿನ ಕಡಲಿಗೂ ಮದರಾಸಿನ ಕಡಲಿಗೂ ಹೆಚ್ಚುಕಡಿಮೆ ಒಂದೇ ದೂರ, ನೂರೆಂಬತ್ತು ಮೈಲಿ. ಎರಡೂ ಕಡೆಯ ಬಂದರು ಕಚೇರಿಗಳಿಗೆ ಪತ್ರ ಬರೆದರು. ಎರಡು ವಾರದಲ್ಲಿ ಉತ್ತರ ಬಂತು: ಆ ದಿನಗಳಲ್ಲಿ ಮದರಾಸಿನ ಕಡೆ ಅಲೆ ಸಣ್ಣದು, ಮಂಗಳೂರಿನ ಕಡೆ ಮುಂಗಾರಿನ ಭಾರಿ ಅಲೆ, ಹನ್ನೆರಡು ಸೆಕೆಂಡಿಗೊಂದು. ದಡಕ್ಕೆ ಬಡಿದು ಹಿಂದಿರುಗುವ ಅಲೆಯೂ ಎದುರು ಬರುವ ಅಲೆಯೂ ಕೂಡಿದಾಗ, ಒಂದು ಅಲೆಯ ಅವಧಿಯಲ್ಲಿ ಕಡಲ ತಳದ ಮೇಲೆ ಎರಡು ಸಲ ಒತ್ತಡ ಬೀಳುತ್ತದೆ. ಹನ್ನೆರಡರ ಅರ್ಧ ಆರು. ಇದಕ್ಕೆ ಮೈಕ್ರೋಸೀಸಂ ಎಂದು ಹೆಸರು. ನಮ್ಮ ಬಂಡೆಯಲ್ಲಿ ನಡುಗುತ್ತಿದ್ದದ್ದು ಅರಬ್ಬಿ ಸಮುದ್ರ.

ನವೆಂಬರ್‌ನಲ್ಲಿ ಗೆರೆ ಮತ್ತೆ ದಪ್ಪವಾಯಿತು. ಈ ಸಲ ಪಶ್ಚಿಮ ಶಾಂತವಾಗಿತ್ತು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಿತ್ತು. ಉಬ್ಬಿನ ಅಂತರ ನಾಲ್ಕೇ ಸೆಕೆಂಡ್. ಎರಡೂ ಕಡಲು ಸುಮ್ಮನಿದ್ದ ದಿನಗಳಲ್ಲೂ ಗೆರೆ ಪೂರ್ತಿ ತೆಳುವಾಗುತ್ತಿರಲಿಲ್ಲ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಸಾವಿರಾರು ಮೈಲಿ ಸಾಗಿ ನಮ್ಮ ದಡ ಮುಟ್ಟುತ್ತದೆಂದು ಆಮೇಲೆ ಓದಿ ತಿಳಿದೆ.

ಇದನ್ನೆಲ್ಲ ಅಕ್ಕಯಮ್ಮನಿಗೆ ಹೇಳಲು ಹೋದೆ. ಅವರು ಸಮುದ್ರ ನೋಡಿದವರಲ್ಲ.

“ಆ ಕಡೆದು ಈ ಕಡೆದು ಬೇರೆ ಬೇರೆ ನೀರಾ?”

“ಕೆಳಗೆ ಕನ್ಯಾಕುಮಾರಿ ಹತ್ರ ಎರಡೂ ಸೇರ್ತವಮ್ಮ. ಆದ್ರೆ ಒಂದು ಜೂನ್‌ನಲ್ಲಿ ಏಳ್ತದೆ, ಇನ್ನೊಂದು ನವೆಂಬರ್‌ನಲ್ಲಿ.”

“ಅಂಗಾದ್ರೆ ನಾನೂ ನನ್ ಮೈದುನನೂ ಇದ್ದಂಗೆ ಅನ್ನು. ಬಾವಿ ಒಂದೇ, ಸರದಿ ಬೇರೆ.” ಆಮೇಲೆ, ನಾನು ಕೇಳದಿದ್ದರೂ ಹೇಳಿದರು: “ಮೋಟ್ರು ನಿಂತ ಆ ಮೂರು ದಿನಕ್ಕೆ ಎರಡು ತಟ್ಟೆ ಹುಳ ಹೋದ್ವಪ್ಪ. ಮಿಕ್ಕಿದ್ದು ಗೂಡಾಯ್ತು.”

ಲಾಗ್ ಪುಸ್ತಕದಲ್ಲಿ ಅಳಿಸುವಂತಿಲ್ಲ. ‘ಪಂಪ್‌ಸೆಟ್’ ಎಂಬ ನನ್ನ ಅಕ್ಷರ ಹಾಗೇ ಉಳಿಯಿತು. ಕೆಳಗೆ ತಿದ್ದುಪಡಿ ಬರೆದು ಸಹಿ ಹಾಕಿದೆ. ಮುಂದೆ ಹೊಸಬರಿಗೆ ಕೆಲಸ ಕಲಿಸುವಾಗ ಆ ಪುಟವನ್ನೇ ಮೊದಲು ತೋರಿಸುತ್ತಿದ್ದೆ. ಸಮಯ ಬರೆಯಿರಿ, ಉಬ್ಬಿನ ಎತ್ತರ ಬರೆಯಿರಿ, ಸೆಕೆಂಡ್ ಎಣಿಸಿ ಬರೆಯಿರಿ. ಕಾರಣ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದೆ. ಖಾಲಿ ಬಿಟ್ಟ ಕಾಲಂನಿಂದ ಯಾರ ಮೋಟರೂ ನಿಲ್ಲುವುದಿಲ್ಲ.