ನಾನು ಅಡ್ಡಿಲ್ಲೆ ಎಂದ ಶಾಲೆ

ನಮ್ಮೂರ ಶಾಲೆಯ ಆರು ಮತ್ತು ಏಳನೇ ತರಗತಿ ಮುಚ್ಚುವುದಕ್ಕೆ ಬಂದಿದ್ದು ನನ್ನ ಬಾಯಿಂದ. ಸರ್ಕಾರದ್ದು ತಪ್ಪು, ಸಾಹೇಬರದ್ದು ತಪ್ಪು ಎಂದು ಊರಿನವರು ಈಗಲೂ ಹೇಳುತ್ತಾರೆ. ಹೇಳಲಿ. ಸಾಹೇಬರು ಕೇಳಿದರು, ನಾನು ಒಂದು ಶಬ್ದ ಹೇಳಿದೆ, ಅವರು ಅದನ್ನು ಬರೆದುಕೊಂಡರು. ನಡೆದಿದ್ದು ಇಷ್ಟೇ.

ನಾನು ಓದಿದ್ದು ಎರಡನೇ ಈಯತ್ತೆ. ನಮ್ಮ ಕಾಲದಲ್ಲಿ ತರಗತಿಗೆ ಈಯತ್ತೆ ಎನ್ನುತ್ತಿದ್ದರು. ಇದನ್ನು ಬರೆಯುತ್ತಿರುವುದು ನಾನೇ. ಒತ್ತಕ್ಷರ ತಿದ್ದಿಕೊಟ್ಟವಳು ಮಗಳ ಮಗಳು. ಈ ಕತೆಯೂ ಅವಳದ್ದೇ.

ನನ್ನ ಮಗಳು ನಾಲ್ಕನೆಯ ತನಕ ಓದಿದಳು. ಶಾಲೆ ಬಿಡಿಸಿದ್ದು ನಾನೇ. ಕಾರಣ ಹೇಳಬಹುದು, ಹೇಳುವುದಿಲ್ಲ. ಅವಳನ್ನು ಯಲ್ಲಾಪುರದ ಆಚೆ ಒಂದು ಸಣ್ಣ ಊರಿಗೆ ಕೊಟ್ಟೆವು. ಅಲ್ಲಿ ಶಾಲೆ ಇದ್ದಿದ್ದು ನಾಲ್ಕರ ತನಕ. ಅವಳ ಮಗಳು ಆ ನಾಲ್ಕನ್ನೂ ಮುಗಿಸಿದ ಬೇಸಿಗೆಯಲ್ಲಿ ಮಗಳು ಫೋನು ಮಾಡಿದಳು. ಅಷ್ಟರಲ್ಲಿ ನಮ್ಮೂರ ಶಾಲೆ ಏಳರ ತನಕ ಆಗಿತ್ತು.

"ಆಯಿ, ನಿಂಗ್ಳ ಊರ ಶಾಲೆ ಹೆಂಗಿದ್ದು?"

ಅವಳು ಕೇಳುತ್ತಿರುವುದು ಶಾಲೆಯೊಂದನ್ನೇ ಅಲ್ಲ ಎಂದು ನನಗೆ ಗೊತ್ತಾಯಿತು. "ನೋಡಿ ಹೇಳ್ತೆ" ಎಂದೆ.

ಶಾಲೆ ನೋಡುವುದು ಎಂದರೆ ಮಾಸ್ತರನ್ನು ಮಾತಾಡಿಸುವುದಲ್ಲ. ಮಾಸ್ತರು ಮಾತಾಡುವುದಕ್ಕೇ ಸಂಬಳ ತೆಗೆದುಕೊಳ್ಳುವವರು. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ನಾನು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಶಾಲೆಯ ಹಿಂದಿನ ಹಲಸಿನ ಮರದ ಬುಡಕ್ಕೆ ಹೋಗಿ ಕುಳಿತೆ. ಕೇಳಿದವರಿಗೆ, ದನ ಹುಡುಕುತ್ತಿದ್ದೇನೆ ಎಂದೆ. ನಮ್ಮನೆಯಲ್ಲಿ ಆಗ ದನ ಇರಲಿಲ್ಲ.

ಮೊದಲ ದಿನ ಬಾಗಿಲ ಹೊರಗಿನ ಚಪ್ಪಲಿ ನೋಡಿದೆ. ಗಂಟೆ ಹೊಡೆಯುವುದಕ್ಕೆ ಮೊದಲೇ ಹೆಡ್ ಅಕ್ಕೋರ ಚಪ್ಪಲಿ ಬಂದಿತ್ತು. ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಅಕ್ಕೋರು ಎನ್ನುವುದು. ಗಣಿತದ ಮಾಸ್ತರ ಚಪ್ಪಲಿ ಬಂದಿದ್ದು ಎರಡನೇ ಬಸ್ಸಿಗೆ. ಇದು ತಪ್ಪು, ಲೆಕ್ಕದಲ್ಲಿ ಇಟ್ಟುಕೊಂಡೆ. ಆದರೆ ಸಂಜೆ ಅವರು ಬಸ್ಸು ಹತ್ತುವಾಗ ಎರಡೂ ತೋಳಿಗೆ ಖಡುವಿನ ಪುಡಿ ಮೆತ್ತಿತ್ತು. ಬೋರ್ಡಿಗೆ ಬರೆಯುವ ಖಡು ಒಂದು ತೋಳಿಗೆ ಮೆತ್ತಿದರೆ ಬರೆದಿದ್ದಾರೆ ಎಂದು ಅರ್ಥ. ಎರಡಕ್ಕೂ ಮೆತ್ತಿದರೆ ಒರೆಸಿ ಮತ್ತೊಮ್ಮೆ ಬರೆದಿದ್ದಾರೆ.

ಎರಡನೇ ದಿನ, ಅಕ್ಕೋರು ಚಹಾಕ್ಕೆ ಎದ್ದು ಹೋದಾಗ ಮಕ್ಕಳು ಏನು ಮಾಡುತ್ತಾರೆ ಎಂದು ಕಿವಿಗೊಟ್ಟೆ. ತುಟಿಪಿಟಕ್ಕೆನ್ನದೆ ಕೂತರೆ ಅದು ಹೊಡೆಯುವ ಶಾಲೆ. ಹಂಚು ಹಾರುವಂತೆ ಕೂಗಿದರೆ ಏನೂ ಕಲಿಸದ ಶಾಲೆ. ಇಲ್ಲಿ ಗಲಾಟೆ ಇತ್ತು, ಆದರೆ ಗಲಾಟೆಯ ನಡುವೆ ಒಂದು ಹೆಣ್ಣು ದನಿ, "ಏಯ್, ಏಳೆಂಟ್ಲಿ ಐವತ್ತಾರು, ಐವತ್ನಾಕಲ್ಲ, ದಡ್ಡ!" ಎಂದು ಬಯ್ಯುತ್ತಿತ್ತು. ನನಗೆ ಅಷ್ಟು ಸಾಕಾಯಿತು.

ಮೂರನೆಯ ದಿನ ಮಳೆ ಬಂತು, ಒಳಗೆ ಹೋದೆ. ಆರನೆಯವರ ಕೋಣೆಯಲ್ಲಿ ಮೂರನೇ ಬೆಂಚಿನ ಮೇಲೆ ಸೋರುತ್ತಿತ್ತು. ಮಕ್ಕಳು ಬೆಂಚು ಎಳೆದು, ಕೆಳಗೆ ಬಾಲ್ದಿ ಇಟ್ಟು, ಆ ಜಾಗಕ್ಕೆ ಜೋಗ ಎಂದು ಹೆಸರಿಟ್ಟಿದ್ದರು. ಸಿದ್ದಾಪುರದ ತನಕ ಹೋಗುವ ಖರ್ಚು ಉಳಿಯಿತು ಎಂದು ಹೆಡ್ ಅಕ್ಕೋರೇ ಹೇಳಿದರು. ಪಾಯಖಾನೆ ಇತ್ತು. ಕೀಲಿ ಹಾಕಿತ್ತು.

ಆ ಸಂಜೆ ಮಗಳಿಗೆ ಫೋನು ಮಾಡಿದೆ. "ಅಡ್ಡಿಲ್ಲೆ. ಕಳ್ಸು" ಎಂದೆ. ಎರಡು ದಿನಕ್ಕೆ ಕೂಸು ಬಂತು. ಹೆಣ್ಣುಮಗುವಿಗೆ ನಮ್ಮನೆಯಲ್ಲಿ ಕೂಸು ಎನ್ನುವುದು, ಅದಕ್ಕೆ ಎಷ್ಟು ವರ್ಷವಾದರೂ.

ಈ ಅಡ್ಡಿಲ್ಲೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಗಂಡು ನೋಡಿ ಬಂದವರು ಅಡ್ಡಿಲ್ಲೆ ಎಂದರೆ ಮದುವೆ ನಿಶ್ಚಯ. ಊಟಕ್ಕೆ ಕೂತವರು ತಂಬುಳಿ ಅಡ್ಡಿಲ್ಲೆ ಎಂದರೆ ಬಡಿಸಿದವಳು ಒಳಗೆ ಹೋಗಿ ನಗುತ್ತಾಳೆ. 'ಭಾರೀ ಚೊಲೋ ಇದ್ದು' ಎಂದು ಯಾರಾದರೂ ಹೇಳಿದರೆ ಅವರಿಗೆ ನಮ್ಮಿಂದ ಏನೋ ಕೆಲಸ ಆಗಬೇಕಾಗಿದೆ ಎಂದೇ ತಿಳಿಯಬೇಕು.

ಒಂದು ವರ್ಷ ಕಳೆದ ಮೇಲೆ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಾನು ಒಂದು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಿದ್ದೆ. ಕೂಸು ಹಿಂದಿನಿಂದ ಸೆರಗು ಎಳೆಯಿತು.

"ಅಮ್ಮಮ್ಮ, ಇದು ಹುಲೇಕಲ್ ಬಸ್ಸಲ್ಲ. ಎಕ್ಕಂಬಿ ಹೇಳಿ ಬರದ್ದು. ನಿಂಗೆ ಓದಲೆ ಬತ್ತಿಲ್ಯ?"

"ಬತ್ತು. ಓದಲೆ ಬಸ್ಸು ನಿಂತಿರವು" ಎಂದೆ. ಬಸ್ಸು ನಿಂತೇ ಇತ್ತು. ಮೂವತ್ತು ವರ್ಷದಿಂದ ನಾನು ಬಸ್ಸನ್ನು ಬಣ್ಣ ಮತ್ತು ಡ್ರೈವರನ ಮುಖ ನೋಡಿ ಹತ್ತುತ್ತಿದ್ದೆ. ಶಾಲೆಯ ಬಗ್ಗೆ ನನಗೆ ಉಳಿದಿದ್ದ ಅನುಮಾನವೂ ಆವತ್ತು ಹೋಯಿತು.

ಕೂಸು ಆರನೆಯ ತರಗತಿಯಲ್ಲಿ ಇದ್ದಾಗ, ಬಿಸಿಯೂಟ ಶುರುವಾಗಿ ಸ್ವಲ್ಪ ಕಾಲಕ್ಕೆ, ತಾಲೂಕಿನ ಆಫೀಸಿನಿಂದ ಸಾಹೇಬರು ಶಾಲೆಯ ಗುಣಮಟ್ಟ ನೋಡಲು ಬಂದರು. ಹಾವೇರಿ ಕಡೆಯವರು, ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಪಾಲಕರೆಲ್ಲ ಬರಬೇಕು ಎಂದಿದ್ದರು. ನಾನು ಎಲ್ಲರಿಗಿಂತ ಹಿರಿಯಳು ಎಂದು ಮುಂದಿನ ಕುರ್ಚಿ ಕೊಟ್ಟರು. ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷ. ಅವನ ಮಗಳು ಐದನೆಯಲ್ಲಿ ಇದ್ದಳು.

"ಬರ್ರಿ ಅಜ್ಜೀ, ಕುಂದರ್ರಿ" ಎಂದರು ಸಾಹೇಬರು. ಒಳ್ಳೆಯ ಮನುಷ್ಯ. ಕೈಯಲ್ಲಿ ಉದ್ದನೆಯ ನಮೂನೆ ಇತ್ತು. ಕೋಣೆ ಎಷ್ಟು, ನಕ್ಷೆ ಎಷ್ಟು, ಪಾಯಖಾನೆ ಇದೆಯೋ ಇಲ್ಲವೋ. ಇದೆ ಎಂದು ಗುರುತು ಹಾಕಿದರು. ಕೀಲಿಕೈ ಯಾರ ಹತ್ತಿರ ಎಂಬ ಪ್ರಶ್ನೆ ಆ ನಮೂನೆಯಲ್ಲಿ ಇರಲಿಲ್ಲ. ಚಪ್ಪಲಿಯ ಪ್ರಶ್ನೆಯೂ ಇರಲಿಲ್ಲ, ತೋಳಿನದೂ ಇರಲಿಲ್ಲ. ಏಳೆಂಟ್ಲಿ ಎಷ್ಟು ಎಂದು ಯಾವ ಮಗುವನ್ನೂ ಕೇಳಲಿಲ್ಲ.

ಕೊನೆಗೆ ಒಂದು ಹಾಳೆ ತೆಗೆದು ಓದಿದರು. ಪುಸ್ತಕದ ಮಾತು. ಮಕ್ಕಳ ಸಂಖ್ಯೆಯ ಹಿನ್ನೆಲೆಯಲ್ಲಿ, ಮೇಲಿನ ತರಗತಿಗಳನ್ನು ಸಮೀಪದ ಶಾಲೆಯಲ್ಲಿ ವಿಲೀನಗೊಳಿಸುವ, ಇನ್ನೂ ಏನೇನೋ. ವಿಲೀನ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಸಮೀಪದ ಶಾಲೆ ಎಂದಿದ್ದು ಗೊತ್ತಾಯಿತು. ನಮಗೆ ಸಮೀಪದ ಶಾಲೆ ನಮ್ಮೂರದ್ದೇ. ಅದನ್ನೇ ಹೊಗಳುತ್ತಿದ್ದಾರೆ ಎಂದುಕೊಂಡೆ.

"ಏನ್ ಅಂತೀರಿ ಅಜ್ಜೀ?"

"ಅಡ್ಡಿಲ್ಲೆ" ಎಂದೆ.

ಅಧ್ಯಕ್ಷ, "ಹೌದು, ಅಡ್ಡಿಲ್ಲೆ" ಎಂದ. ಹಿಂದೆ ಕೂತವರೆಲ್ಲ ಅಡ್ಡಿಲ್ಲೆ, ಅಡ್ಡಿಲ್ಲ ಎಂದರು. ನಮ್ಮೂರಿನಲ್ಲಿ ಯಾವ ವಿಷಯಕ್ಕೂ ಅಷ್ಟು ಜನ ಒಂದೇ ಮಾತು ಹೇಳಿದ್ದನ್ನು ನಾನು ನೋಡಿಲ್ಲ. ಸಾಹೇಬರಿಗೂ ಆಶ್ಚರ್ಯ ಆದಂತೆ ಕಂಡಿತು. ಬರೆದುಕೊಂಡರು, ಎಲ್ಲರ ಸಹಿ ತೆಗೆದುಕೊಂಡರು. ಹೆಡ್ ಅಕ್ಕೋರು ಆ ಹೊತ್ತಿಗೆ ಅಡುಗೆ ಕೋಣೆಯಲ್ಲಿ ಇದ್ದರು. ಸಾಹೇಬರ ಊಟಕ್ಕೆ ಇಟ್ಟ ಅನ್ನ ತಳ ಹಿಡಿದಿತ್ತು.

ಪರೀಕ್ಷೆ ಮುಗಿದ ಮೇಲೆ ಪತ್ರ ಬಂತು. ಅಕ್ಕೋರು ಅದನ್ನು ಹಿಡಿದುಕೊಂಡು ನಮ್ಮನೆಗೇ ಬಂದರು. ಜಗಲಿಯ ಮೇಲೆ ಕುಳಿತು ಓದಿದರು. ಜೂನ್‌ನಿಂದ ಆರು, ಏಳು ಎರಡೂ ಗುಡ್ಡದಾಚೆಯ ಶಾಲೆಗೆ ಹೋಗುತ್ತವೆ. ಪಾಲಕರು ಅಡ್ಡಿ ಇಲ್ಲವೆಂದು ಲಿಖಿತವಾಗಿ ತಿಳಿಸಿದ್ದಾರೆ.

"ಅಲ್ಲ ಅಜ್ಜಿ, ನೀವೇ ಮೊದಲು ಅಡ್ಡಿಲ್ಲ ಅಂದಿದ್ದಂತೆ?"

"ಶಾಲೆ ಅಡ್ಡಿಲ್ಲೆ ಹೇಳಿದ್ದೆ."

"ಅವರು ಮುಚ್ಚೂಕೆ ಅಡ್ಡಿಲ್ಲ ಅಂತ ಬರ್ಕೊಂಡಾರೆ."

ಅಕ್ಕೋರು ಕರಾವಳಿಯವರು, ಬೇಗ ಅಳುವವರು. ಅತ್ತರು. ನಾನು ಚಹಾ ಮಾಡಿದೆ.

ಗುಡ್ಡದಾಚೆಯ ಶಾಲೆಗೆ ಎರಡು ತಾಸಿನ ಕಾಲುದಾರಿ. ನಡುವೆ ಹಳ್ಳ ದಾಟಲು ಅಡಿಕೆ ಮರದ ಸಂಕ ಇದೆ. ಮಳೆಗಾಲದಲ್ಲಿ ಹಳ್ಳ ಇರುತ್ತದೆ, ಸಂಕ ಇರುವುದಿಲ್ಲ. ವಿಷಯ ತಿಳಿದ ಅಳಿಯ ಮರುದಿನವೇ ಫೋನು ಮಾಡಿದ.

"ಹಂಗಾರೆ ಕೂಸನ್ನ ಕರ್ಕಂಡು ಬತ್ತೆ ಅತ್ತೆ. ಆರು ಓದಿದ್ದು ಸಾಕು. ಅದರ ಆಯಿ ಓದಿದ್ದು ನಾಕು."

ಅದರ ಆಯಿಗೆ ನಾಲ್ಕಾಗಿದ್ದು ಯಾರಿಂದ ಎಂದು ಅವನು ಹೇಳಲಿಲ್ಲ. "ಎಂಟು ದಿನ ತಡಿ" ಎಂದೆ. ಮಗಳು ಫೋನಿಗೆ ಬರಲೇ ಇಲ್ಲ.

ಆ ಸಂಜೆ ಕೂಸನ್ನು ಕೂರಿಸಿಕೊಂಡು ಅರ್ಜಿ ಬರೆಸಿದೆ. ನಾನು ಹೇಳಿದೆ: "ಮುಚ್ಚಲೆ ಅಡ್ಡಿ ಇದ್ದು ಹೇಳಿ ಬರಿ, ಮುಗತ್ತು." ಕೂಸು ಒಪ್ಪಲಿಲ್ಲ.

"ಅಮ್ಮಮ್ಮ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಹೇಳಿ ಶುರು ಮಾಡಕಾಗ್ತು."

"ಮೇಲೆ ಎಂತ ಇದ್ದು?"

"ಮೇಲೆ ವಿಷಯ ಇದ್ದು. ಮತ್ತೆ 'ಅಡ್ಡಿ ಇದ್ದು' ಹೇಳಿ ಬರದ್ರೆ ತಪ್ಪು. ಪುಸ್ತಕದಲ್ಲಿ 'ಇದೆ' ಹೇಳಿ. ಶಿರಸಿಲೂ ಹಂಗೇ ಮಾತಾಡು. ಬಸ್ಸಲ್ಲಿ ಹೇಳ್ಕಳ್ತಾ ಹೋಗು."

ವಿಲೀನ ಎಂದರೆ ಏನು ಎಂದೂ ಆಗಲೇ ಹೇಳಿಕೊಟ್ಟಿತು: "ಚಹಾದಲ್ಲಿ ಸಕ್ಕರೆ. ಆಮೇಲೆ ಸಕ್ಕರೆ ಕಾಣ್ತಿಲ್ಲೆ."

ಹನ್ನೊಂದು ಮನೆಯವರ ಸಹಿ ಹಾಕಿಸಿಕೊಂಡು, ಕೂಸನ್ನೂ ಕರೆದುಕೊಂಡು ಶಿರಸಿಯ ಆಫೀಸಿಗೆ ಹೋದೆ. ಇದೆ, ಇದೆ ಎಂದು ದಾರಿಯುದ್ದ ಹೇಳಿಕೊಂಡೆ. ಪಕ್ಕದಲ್ಲಿ ಕೂತವಳು ಏನಿದೆ ಎಂದು ಕೇಳಿದಳು. ಸಾಹೇಬರ ಎದುರಿಗೆ ನಿಂತು ಬಾಯಿ ತೆರೆದಾಗ ಬಂದಿದ್ದು ಮನೆಯ ಮಾತೇ.

"ಯಂಗಕ್ಕೆ ಅಡ್ಡಿ ಇದ್ದು" ಎಂದೆ.

ಸಾಹೇಬರು ಪೆನ್ನು ಹಿಡಿದು ಕಾದರು. ನಾನೂ ಕಾದೆ.

"ಅಡ್ಡಿ ಇದ್ದು… ಏನಾತ್ರಿ? ಮುಂದ ಹೇಳ್ರಿ."

"ಮುಂದೆ ಎಂತೂ ಇಲ್ಲೆ. ಅಡ್ಡಿ ಇದ್ದು."

"ಇದ್ದು, ಆಮ್ಯಾಲ?"

ಕೂಸು ನನ್ನ ಮುಂದೆ ಬಂದು ನಿಂತಿತು. "ಸರ್, ಅಡ್ಡಿ ಇದೆ ಎಂದು ಅರ್ಥ. ನಮ್ಮಲ್ಲಿ ಇದೆ ಅನ್ನುವುದಕ್ಕೆ ಇದ್ದು ಅನ್ನುತ್ತಾರೆ. ಅಡ್ಡಿಲ್ಲೆ ಎಂದರೆ ಚೆನ್ನಾಗಿದೆ ಎಂದು ಅರ್ಥ. ಅವತ್ತು ಅಮ್ಮಮ್ಮ ಶಾಲೆ ಚೆನ್ನಾಗಿದೆ ಅಂದಿದ್ದು." ಒಂದೂ ತಡವರಿಸಲಿಲ್ಲ. ಅರ್ಜಿ ಮೇಜಿನ ಮೇಲಿಟ್ಟಿತು.

ಸಾಹೇಬರು ಅದನ್ನು ಕೆಂಪು ಪೆನ್ನು ಹಿಡಿದು ಓದಿದರು. ಅಭ್ಯಾಸ ಇರಬೇಕು. ಒಂದು ಕಡೆ ಪೆನ್ನು ನಿಂತಿತು. ವಿಲೀನದ ಲೀ ಗಿಡ್ಡ ಆಗಿತ್ತು. ಉದ್ದ ಮಾಡಿದರು. ಅದೊಂದೇ.

"ಯಾರ್ ಬರದದ್ದು?"

"ಇದೇ" ಎಂದೆ, ಕೂಸನ್ನು ತೋರಿಸಿ. "ನಿಮ್ಮ ಶಾಲೆ. ಆರನೇ ಈಯತ್ತೆ."

ಅವರು ಕೂಸನ್ನು ಒಮ್ಮೆ, ಹಾಳೆಯನ್ನು ಒಮ್ಮೆ ನೋಡಿದರು. "ಅಲ್ರೀ ಅಜ್ಜೀ, ಅಡ್ಡಿಲ್ಲ ಅಂದ್ರ ಛಲೋ. ಹಂಗಾರ ಛಲೋ ಅಂದ್ರ?"

"ಚೊಲೋ ಅಂದ್ರೆ ಎಂತೋ ಅನುಮಾನ ಇದ್ದು ಹೇಳಿ."

"ಇದ್ದು…" ಎಂದು ಅವರು ಮತ್ತೆ ಕಾಯತೊಡಗಿದರು. ಆಮೇಲೆ ತಾವೇ, "ಹಾಂ, ಐತಿ" ಎಂದರು.

ಹಳೆಯ ಫೈಲು ತೆಗೆಸಿ ಅರ್ಜಿಯನ್ನು ಅದಕ್ಕೆ ಸೇರಿಸಿದರು. ಬರುವ ಜೂನ್‌ನಿಂದ ಒಂದು ವರ್ಷ ತರಗತಿ ಇದ್ದಲ್ಲೇ ನಡೆಯಲಿ ಎಂದರು. ಮುಂದಿನ ತಿಂಗಳು ಮತ್ತೆ ಬಂದು ಊರಿನವರನ್ನು ಇನ್ನೊಮ್ಮೆ ಕೇಳಿ, ಆಮೇಲೆ ಮುಂದಿನ ವರ್ಷಗಳದ್ದನ್ನು ಬರೆದು ಕಳಿಸುತ್ತೇನೆ ಎಂದರು. "ಮಂದಿಗೆ ಸರಿಯಾಗಿ ಹೇಳಿ ಇಡ್ರಿ. ನನ್ನ ಮುಂದ ಆ ಶಬ್ದ ತಗೀಬ್ಯಾಡ್ರಿ. ಖರೇ ಹೇಳ್ತೀನಿ, ಮತ್ತ ಹಂಗ ಅಂದ್ರ ನಾ ಹಂಗ ಬರ್ಕೋತೀನಿ."

ಆ ಒಂದು ವರ್ಷ ಕೂಸಿಗೆ ಸಾಕಿತ್ತು. ಏಳನೆಯದು ನಮ್ಮೂರಲ್ಲೇ ಆಗುತ್ತಿತ್ತು. ಮನೆಗೆ ಬಂದು ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು "ಅಡ್ಡಿಲ್ಲೆ ಆಯಿ" ಎಂದಳು. ಫೋನು ಇಟ್ಟಳು.

ನಾನು ಅಲ್ಲಿಗೇ ಬಿಡಬಹುದಿತ್ತು. ಆದರೆ ಐದನೆಯಲ್ಲಿ ಅಧ್ಯಕ್ಷನ ಮಗಳು ಸೇರಿ ನಾಲ್ಕು ಹುಡುಗಿಯರಿದ್ದರು. ಅವರ ಮುಂದಿನ ತರಗತಿಗಳನ್ನೂ ಮುಚ್ಚಲು ಸಹಿ ಹಾಕಿದ್ದರಲ್ಲಿ ಮೊದಲನೆಯದು ನನ್ನದು.

ಮರುದಿನ ಬೆಳಿಗ್ಗೆ ಕೂಸಿಗೆ ದೋಸೆ ಎರೆದು ಕೊಟ್ಟು, ಅಧ್ಯಕ್ಷನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಎಲೆಯಡಿಕೆ ಕವಳ ಹಾಕುತ್ತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಸಾಹೇಬರು ಮತ್ತೆ ಬರುತ್ತಾರೆ. ಶಾಲೆ ಹೇಗಿದೆ ಎಂದು ಕೇಳುತ್ತಾರೆ. ಚೊಲೋ ಇದೆ, ಮುಚ್ಚಬೇಡಿ ಎಂದು ಹೇಳಬೇಕು. ಸತ್ತರೂ ಅಡ್ಡಿಲ್ಲೆ ಎನ್ನಬಾರದು. ಇದನ್ನು ಇಬ್ಬರೂ ಸೇರಿ ಹನ್ನೊಂದು ಮನೆಗೂ ಹೇಳಬೇಕು. ಅವನು ಕೊನೆಯ ತನಕ ಕೇಳಿದ. ಎದ್ದು ಹೋಗಿ ಉಗುಳಿ ಬಂದ.

"ಆತು ಅತ್ತೆ, ಅಡ್ಡಿಲ್ಲೆ" ಎಂದ.

ನಾನು ಜಗಲಿಯ ಮೇಲೆ ಕುಳಿತುಕೊಂಡು, ಮೊದಲಿನಿಂದ ಹೇಳಲು ಶುರು ಮಾಡಿದೆ.