ಹಿಂದಕ್ಕೆ ಜಾರಿದ ಕಾರು

ದಿನ ಬಿಟ್ಟು ದಿನ ನನ್ನ ಹೆಂಡತಿಯನ್ನು ಸನ್ನಿವೇಲ್‌ನಿಂದ ಸ್ಯಾನ್ ಹೊಸೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ನಮ್ಮ ಹಳೆಯ ಕಾರು ಕೈಕೊಟ್ಟಿತ್ತು. ನಮ್ಮೂರಲ್ಲೇ ಇರುವ ಮೈಸೂರಿನ ಇಂಜಿನಿಯರ್ ಒಬ್ಬರು ಮಾರುತ್ತಿದ್ದ ಸಣ್ಣ ಕಾರನ್ನು ನೋಡಲು ಇಬ್ಬರೂ ಹೋದೆವು. ಅದರಲ್ಲಿ ಕ್ಲಚ್ ಪೆಡಲ್ ಇರಲಿಲ್ಲ. ನಮ್ಮ ಹಳೆಯದರಂತೆ ಇದೂ ಬ್ರೇಕು ಬಿಟ್ಟರೆ ತಾನೇ ಮುಂದಕ್ಕೆ ತೆವಳುವ ಆಟೋಮ್ಯಾಟಿಕ್ ಎಂದುಕೊಂಡೆ.

ದೇವರ ಒಪ್ಪಿಗೆ ಕೇಳದೆ ನಾನು ಏನನ್ನೂ ಕೊಳ್ಳುವವನಲ್ಲ. ನಿಂಬೆಹಣ್ಣನ್ನು ತುಳಿದು ಕಾರು ಮುಂದೆ ಹೋದರೆ ಒಪ್ಪಿಗೆ ಸಿಕ್ಕಂತೆ. ಮುಂದಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಒಳಗೆ ಕೂತು, ಗೇರ್ ಹಾಕಿ, ಕೈಮುಗಿದು, ಬ್ರೇಕಿನಿಂದ ಕಾಲು ತೆಗೆದೆ. ಅವರ ಮನೆಯೆದುರಿನ ರಸ್ತೆ ಸ್ವಲ್ಪ ಏರು. ಕಾರು ಮುಂದಕ್ಕೆ ತೆವಳುವ ಬದಲು ಹಿಂದಕ್ಕೆ ಜಾರಿತು.

"ಬ್ರೇಕು, ಅಂಕಲ್, ಬ್ರೇಕು!" ಇಂಜಿನಿಯರ್ ಓಡಿಬಂದರು. "ಇದರಲ್ಲೂ ಕ್ಲಚ್ ಇದೆ. ನಿಮ್ಮ ಬದಲು ಮೆಷೀನು ಒತ್ತತ್ತೆ, ಅಷ್ಟೇ. ನೀವು ಆಕ್ಸಿಲರೇಟರ್ ಕೊಡೋವರೆಗೂ ಅದು ಕ್ಲಚ್ ಬಿಡಲ್ಲ."

ಬ್ರೇಕು ಒತ್ತಿ ಹಿಡಿದು ಹೆಂಡತಿಯ ಕಡೆ ತಿರುಗಿದೆ. "ದೇವರು ಬೇಡ ಅಂತಿದ್ದಾನೆ ಕಣೇ," ಎಂದೆ.

ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದವಳು ತಿರುಗಲೂ ಇಲ್ಲ. "ಸೂಜಿ ಚುಚ್ಚಿಸಿಕೊಳ್ಳೋಕೆ ಹೋಗೋರಿಗೆ ಶಕುನ ಯಾಕ್ರೀ? ಅವರು ಹೇಳಿದ್ದನ್ನ ಒತ್ತಿ."

ಒತ್ತಿದೆ. ನಿಂಬೆಹಣ್ಣುಗಳು ನಜ್ಜುಗುಜ್ಜಾದವು, ಕಾರು ಕೊಂಡೆವು. ಈಗಲೂ ಏರು ಬಂದಾಗ ದೇವರ ಹೆಸರು ಹೇಳುತ್ತೇನೆ. ಆದರೆ ಆಕ್ಸಿಲರೇಟರ್ ಒತ್ತಿದ ಮೇಲೆ.