ಬೆಂಕಿಗೆಂದು ತಂದಿಟ್ಟ ನೀರು

ಬಿರುಗಾಳಿಗೆ ಬೇವಿನ ಮರ ಮುರಿದು, ಹರಪನಹಳ್ಳಿಯ ನಮ್ಮ ಠಾಣೆ ಅಂಗಳದಲ್ಲಿ ನಿಂತಿದ್ದ ಅಗ್ನಿಶಾಮಕ ವಾಹನದ ಮೇಲೆಯೇ ಬಿತ್ತು. ಬೇಸಿಗೆ ಬೇರೆ, ಸುತ್ತಲಿನ ಹೊಲಗಳಲ್ಲೆಲ್ಲ ಮೆಕ್ಕೆಜೋಳದ ಒಣದಂಟು ಸೊಪ್ಪೆಯ ಬಣವೆಗಳು. ಚಾಲಕನಾದ ನಾನು ಜಜ್ಜಿಹೋದ ಕ್ಯಾಬಿನ್ ನೋಡುತ್ತ ನಿಂತಿದ್ದೆ. ಆಗ ನೀರು ಮಾರುವ ಖಾಸಿಂ ಸಾಬರು ತುಂಬಿದ ಟ್ಯಾಂಕರ್ ತಂದು ನಿಲ್ಲಿಸಿದರು.

"ನಿಮ್ ಗಾಡಿ ರಿಪೇರಿ ಆಗೋತನಕ ಇದು ಇಲ್ಲೇ ಇರ್ಲಿ ಬಿಡ್ರಿ."

ವಾಹನ ಸರಿಯಾಗುವವರೆಗೂ ಪುಣ್ಯಕ್ಕೆ ಎಲ್ಲೂ ಬೆಂಕಿ ಬೀಳಲಿಲ್ಲ. ಟ್ಯಾಂಕರ್ ಒಯ್ಯಲು ಬಂದ ಸಾಬರು ಅದರ ನೀರನ್ನು ಆ ಮುರಿದ ಬೇವಿನ ಬುಡಕ್ಕೇ ಬಿಟ್ಟರು. ನನಗೆ ಸಿಟ್ಟು ಬಂತು. ನಮ್ಮ ಗಾಡಿ ಹಾಳು ಮಾಡಿದ ಮರಕ್ಕೆ ನೀರು ಯಾಕೆ ಎಂದೆ.

"ಅದೇನು ಬೇಕಂತ ಬಿದ್ದೈತೇನ್ರಿ?" ಎಂದರು.

ಈಗ ಆ ಬುಡದಲ್ಲಿ ಚಿಗುರು ಮೊಣಕಾಲೆತ್ತರ ಬಂದಿದೆ. ವಾಹನ ತೊಳೆದ ದಿನ ಕೊನೆಯ ಕೊಡ ನೀರನ್ನು ನಾನೇ ಅದಕ್ಕೆ ಹಾಕುತ್ತೇನೆ.